ನೀಲಿ ಹೆಲ್ಮೆಟ್ಟಿನ ಭಾರತೀಯರು

ಪ್ರಶ್ನೆ: ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ನಮ್ಮ ಸೈನಿಕರು ಹೋಗುವುದು ಹೇಗೆ? ಅಲ್ಲಿ ಅವರ ಕೆಲಸ ಮೊದಲಿನಿಂದಲೂ ಒಂದೇ ಬಗೆಯದೇ?

ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಊರಹಬ್ಬಕ್ಕೆ ಮನೆಮನೆಯವರು ಆಳು, ಪಾತ್ರೆ ಕಳಿಸಿದಂತೆ ಸದಸ್ಯ ದೇಶಗಳೇ ಯೋಧರನ್ನೂ ವಾಹನಗಳನ್ನೂ ಒದಗಿಸುತ್ತವೆ. ಪಡೆ ಏನು ಮಾಡಬೇಕು, ಎಷ್ಟರ ಮಟ್ಟಿಗೆ ಬಲ ಬಳಸಬಹುದು ಎಂಬುದನ್ನು ಭದ್ರತಾ ಮಂಡಳಿ ಮೊದಲೇ ನಿರ್ಣಯಿಸುತ್ತದೆ. ಸೈನಿಕರಿಗೆ ಸಂಬಳ ಕೊಡುವುದು ಅವರವರ ಸರ್ಕಾರ. ವಿಶ್ವಸಂಸ್ಥೆ ಆ ಸರ್ಕಾರಕ್ಕೆ ತಲೆಗಿಷ್ಟು ಎಂದು ಹಣ ತುಂಬಿಕೊಡುತ್ತದೆ.

ಕೆಲಸ ಮಾತ್ರ ಬಹಳ ಬದಲಾಗಿದೆ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ವೈದ್ಯಕೀಯ ತುಕಡಿ. ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಕಾವಲಿಗಿದ್ದವರು ನಮ್ಮ ಯೋಧರು. ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಎರಡೂ ಬಣಗಳ ಸಿಟ್ಟನ್ನು ತಾಳಿಕೊಂಡು ಮಾಡಬೇಕಾದ ಆ ಕೆಲಸ ಯುದ್ಧಕ್ಕಿಂತ ಕಠಿಣವಾಗಿತ್ತೆಂದೇ ನನ್ನ ಭಾವನೆ. ಮುಂದೆ ಸೈಪ್ರಸ್ ಪಡೆಯ ದಂಡನಾಯಕರಾಗಿದ್ದಾಗಲೇ, 1965ರಲ್ಲಿ, ಅವರು ಅಲ್ಲಿಯೇ ತೀರಿಕೊಂಡರು.

ಕಾಂಗೋದಲ್ಲಿ ಕಾವಲು ಕಾಯುವುದಷ್ಟೇ ಸಾಲಲಿಲ್ಲ, ಹೋರಾಡಬೇಕಾಯಿತು. 1961ರಲ್ಲಿ ಅಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. 2007ರಲ್ಲಿ ಲೈಬೀರಿಯಾಕ್ಕೆ ಹೊರಟದ್ದು ಪೂರ್ತಿ ಮಹಿಳೆಯರದೇ ಪೊಲೀಸ್ ತುಕಡಿ. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.