ಪಟ್ಟದ ಗೊಂಬೆಗೆ ಕೈ ಕೂಡಿಸುವವರು

ಪಿತೃಪಕ್ಷ ಮುಗಿಯುತ್ತ ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಮೇಲೆ ಹುಲ್ಲಿನಲ್ಲಿ ಸುತ್ತಿದ ಮಣ್ಣಿನ ಗೊಂಬೆಗಳು, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು, ದಿನಸಿ ಅಂಗಡಿ ಇಟ್ಟುಕೊಂಡ ಶೆಟ್ಟಿ-ಶೆಟ್ಟಮ್ಮ. ತಳದಲ್ಲಿ ಹಳೆಯ ಪಂಚೆಯ ಮೆತ್ತನೆಯ ತುಂಡಿನೊಳಗೆ ಗೇಣುದ್ದದ ಮರದ ಜೋಡಿಯೊಂದಿರುತ್ತದೆ. ಒಂದು ಗಂಡು, ಒಂದು ಹೆಣ್ಣು. ಮನೆಯಲ್ಲಿ ಎಷ್ಟು ನೂರು ಗೊಂಬೆಗಳಿದ್ದರೂ ಇವರಿಬ್ಬರು ಕೂತ ಮೇಲೇ ಉಳಿದವರಿಗೆ ಜಾಗ. ಹಳೇ ಮೈಸೂರು ಸೀಮೆಯಲ್ಲಿ ಇವರನ್ನು ಪಟ್ಟದ ಗೊಂಬೆ ಎನ್ನುತ್ತೇವೆ. ತಮಿಳರಿಗೆ ಇವರೇ ಮರಪ್ಪಾಚಿ.

ಮದುವೆಯಾಗಿ ಹೊರಟ ಮಗಳಿಗೆ ತವರಿನವರು ಈ ಜೋಡಿಯನ್ನು ಕೊಟ್ಟು ಕಳಿಸುವುದು ಪದ್ಧತಿ. ಅವಳು ಸೇರಿದ ಮನೆಯಲ್ಲಿ ಆ ವರ್ಷದಿಂದ ಗೊಂಬೆ ಕೂರಿಸುವುದು ಶುರು. ಆಶ್ವಯುಜ ಶುದ್ಧ ಪಾಡ್ಯದಂದು ಮೆಟ್ಟಿಲು ಜೋಡಿಸಿ, ಮೇಲಿನ ಸಾಲಿನ ನಡುವೆ ಕಳಶದ ಪಕ್ಕ ಇವರನ್ನು ನಿಲ್ಲಿಸುತ್ತಾರೆ. ರಾಜನಿಗೆ ಜರಿ ಪೇಟ, ಪಂಚೆ, ಅಂಗವಸ್ತ್ರ. ರಾಣಿಗೆ ರವಿಕೆ ಕಣದ ತುಂಡಿನಲ್ಲಿ ನೆರಿಗೆ ಹಿಡಿದ ರೇಷ್ಮೆ ಸೀರೆ, ಮುತ್ತಿನ ಸರ, ಜಡೆಗೆ ಪುಟ್ಟ ಕುಚ್ಚು. ದಿನಾ ಸಂಜೆ ಆರತಿ, ಮಕ್ಕಳಿಗೆ ಗೊಂಬೆ ಬಾಗಿನ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದರೆ ಆ ವರ್ಷದ ಹಬ್ಬ ಮುಗಿದಂತೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು ಎಂಬುದು ಎಲ್ಲರಿಗೂ ಗೊತ್ತು. ಅರಮನೆಯ ಗೊಂಬೆ ತೊಟ್ಟಿಯ ವೈಭವವನ್ನೂ ನೋಡಿದ್ದೇವೆ. ಆದರೆ ಕಾವೇರಿ ದಡದ ರುದ್ರಪಟ್ಟಣದಲ್ಲೋ, ಹೇಮಾವತಿ ದಡದ ಹೊಳೆನರಸೀಪುರದಲ್ಲೋ ನಡುಮನೆಯ ಮೂಲೆಯಲ್ಲಿ ನಡೆಯುವ ಈ ಸಣ್ಣ ದರ್ಬಾರನ್ನು ಉಳಿಸಿಕೊಂಡು ಬಂದವರು ಮನೆಯ ಹೆಂಗಸರು. ಅವರ ಬೆನ್ನಿಗೆ ನಿಂತವರು ಊರಿನ ಆಚಾರ್ರು. ಈ ಎರಡನೆಯವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ.

ನಮ್ಮ ಜಿಲ್ಲೆ ಪಟ್ಟದ ಗೊಂಬೆ ಕೆತ್ತುವುದಕ್ಕೆ ಹೆಸರಾದದ್ದಲ್ಲ. ನಮ್ಮ ಅಜ್ಜಿಯಂದಿರ ಕಾಲದ ಜೋಡಿಗಳಲ್ಲಿ ಹೆಚ್ಚಿನವು ತಿರುಪತಿಯ ಕಡೆಯಿಂದ ಬಂದವು. ಶ್ರೀನಿವಾಸನ ದರ್ಶನಕ್ಕೆ ಹೋದವರು ಪ್ರಸಾದದ ಜೊತೆ ಒಂದು ಜೋಡಿ ಗೊಂಬೆಯನ್ನೂ ಕೊಂಡು ತರುತ್ತಿದ್ದರು. ಇಲ್ಲಿ ಬೆಳೆದದ್ದು ರಿಪೇರಿಯ ವಿದ್ಯೆ. ತೇರು, ಪಲ್ಲಕ್ಕಿ, ಗರುಡವಾಹನ, ಬಾಗಿಲವಾಡ ಕೆತ್ತುವ ವಿಶ್ವಕರ್ಮರ ಮನೆಗಳಿಗೆ ಭಾದ್ರಪದದಲ್ಲಿ ಒಂದಲ್ಲ ಒಂದು ಗೊಂಬೆ ಬಂದೇ ಬರುತ್ತಿತ್ತು. ತೇರಿನ ಹಲಗೆಯಲ್ಲಿ ಯಾಳಿ ಕಡೆದ ಉಳಿಯೇ ಬೆರಳುಗಾತ್ರದ ಮೂಗನ್ನೂ ತಿದ್ದುತ್ತಿತ್ತು.

ಗೊಂಬೆಯನ್ನೊಮ್ಮೆ ಬಟ್ಟೆ ಬಿಚ್ಚಿ ನೋಡಬೇಕು. ಸೀರೆ, ಪೇಟದೊಳಗೆ ಕಾಣದ ಕೆತ್ತನೆ ಆಗ ಕಾಣುತ್ತದೆ. ತಲೆ ದೇಹದ ಅಳತೆಗೆ ದೊಡ್ಡದು, ಕಾಲು ಗಿಡ್ಡ, ಪಾದದ ಕೆಳಗೆ ಅದೇ ಮರದ ಪೀಠ. ತೋಳುಗಳು ಮೈಗೆ ಅಂಟಿಕೊಂಡಿರುತ್ತವೆ. ಕಣ್ಣು ಎಂದರೆ ಮೀನಿನಾಕಾರದ ಎರಡು ಗೀರು. ರಾಣಿಯ ಬೆನ್ನಿನ ಮೇಲೆ ಜಡೆಯ ಹೆಣಿಗೆ, ಸೊಂಟದಲ್ಲಿ ಡಾಬಿನ ಗೆರೆ, ಕೈಯಲ್ಲಿ ಮೊಗ್ಗು. ಹೇಗೂ ಸೀರೆ ಮುಚ್ಚುತ್ತದೆ ಎಂದು ಗೊತ್ತಿದ್ದೂ ಕೆತ್ತಿದವನು ಜಡೆಯ ಒಂದೊಂದು ಎಳೆಯನ್ನೂ ಬಿಡಿಸಿದ್ದಾನೆ. ಈ ಜನರ ಕಸುಬಿನ ನಿಯತ್ತು ಎಂಥದೆಂದು ತಿಳಿಯಲು ಇಷ್ಟು ಸಾಕು.

ತೋಳು ಮೈಗೆ ಅಂಟಿರುವುದಕ್ಕೆ ಕಾರಣವಿದೆ. ಇಡೀ ಗೊಂಬೆ ಒಂದೇ ಕೊರಡಿನಿಂದ ಏಳುತ್ತದೆ. ಮರದ ನಾರು ತಲೆಯಿಂದ ಪಾದಕ್ಕೆ ನೇರ ಇಳಿಯುವಂತೆ ಕೊರಡನ್ನು ನಿಲ್ಲಿಸಿಕೊಳ್ಳುತ್ತಾರೆ. ಮೊದಲು ಚೌಕ ಮಾಡಿ, ನಡುಗೆರೆ ಎಳೆದು, ಬಾಚಿಯಿಂದ ಒರಟು ರೂಪ ತೆಗೆಯುತ್ತಾರೆ. ಆಮೇಲೆ ಉಳಿ, ಕೊಡತಿ. ಮುಖದಲ್ಲಿ ಮೂಗಿನಷ್ಟು ಮರವನ್ನು ಮುಟ್ಟದೆ ಬಿಟ್ಟು ಸುತ್ತಲಿನದನ್ನು ತಗ್ಗಿಸುತ್ತ ಬಂದರೆ ಕೆನ್ನೆ, ಕಣ್ಣು, ತುಟಿ ಮೂಡುತ್ತವೆ. ನಾರು ಉದ್ದಕ್ಕೆ ಇರುವಷ್ಟೂ ಗೊಂಬೆ ಗಟ್ಟಿ. ಕೈ ಮುಂದಕ್ಕೆ ಚಾಚಿತೆಂದರೆ ಅಲ್ಲಿ ನಾರು ಅಡ್ಡ ಬೀಳುತ್ತದೆ, ತುಂಡು ತುಂಡಾದ ನಾರಿಗೆ ಹಿಡಿತವಿರುವುದಿಲ್ಲ. ಮೊಗ್ಗು ಹಿಡಿದ ಮುಂಗೈ, ಮುಖದಲ್ಲಿ ಎತ್ತರಕ್ಕೆ ನಿಂತ ಮೂಗು, ಪೀಠದ ಅಂಚು: ಮೆಟ್ಟಿಲಿನಿಂದ ಜಾರಿ ಬಿದ್ದ ಗೊಂಬೆಯಲ್ಲಿ ಮೊದಲು ಹೋಗುವುದು ಈ ಮೂರರಲ್ಲಿ ಒಂದು. ಬೀಳದೆಯೂ ಕೆಡುತ್ತವೆ. ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಸಿಗೆಯ ಕಾವಿಗೆ ಒಣಗಿ, ಮಳೆಗಾಲದ ಥಂಡಿಗೆ ಉಬ್ಬಿ, ವರ್ಷ ವರ್ಷ ಹೀಗೇ ಆಗಿ ಒಂದು ದಿನ ನೆತ್ತಿಯಿಂದ ಎದೆಯವರೆಗೆ ಸೀಳು ಬಿಡುತ್ತದೆ.

ಆಗ ಮನೆಯಲ್ಲಿ ಒಂದು ಮಾತು ಬರುತ್ತದೆ: ಭಿನ್ನವಾದದ್ದನ್ನು ಇಟ್ಟುಕೊಳ್ಳಬಾರದು. ಈ ಮಾತಿನ ಮೇಲೆ ಎಷ್ಟೋ ಜೋಡಿಗಳು ಅರಳಿಕಟ್ಟೆಯ ಬುಡಕ್ಕೆ ಹೋಗಿವೆ, ಹೊಳೆಯ ಪಾಲಾಗಿವೆ. ಒಡಕು ಫೋಟೋ, ಮುರಿದ ಹಣತೆಗಳ ನಡುವೆ ಮಳೆಯಲ್ಲಿ ನೆನೆಯುತ್ತ ಬಿದ್ದಿರುವ ಮರದ ರಾಣಿಯನ್ನು ಕಂಡರೆ ಹೊಟ್ಟೆ ಚುರ್ ಎನ್ನುತ್ತದೆ. ಭಿನ್ನವಾದ ವಿಗ್ರಹ ಪೂಜೆಗೆ ಬರುವುದಿಲ್ಲ ಎನ್ನುವುದು ಪ್ರಾಣಪ್ರತಿಷ್ಠೆಯಾದ ಮೂರ್ತಿಗೆ ಸಂಬಂಧಿಸಿದ ಮಾತು. ಪಟ್ಟದ ಗೊಂಬೆಗೆ ಯಾರೂ ಪ್ರಾಣಪ್ರತಿಷ್ಠೆ ಮಾಡುವುದಿಲ್ಲ. ಅವರು ಮನೆಯ ಹಿರಿಯ ದಂಪತಿ. ಹಿರಿಯರಿಗೆ ಕೈ ಮುರಿದರೆ ಕಟ್ಟು ಹಾಕಿಸುತ್ತೇವೆ, ಹೊಳೆಗೆ ಬಿಡುವುದಿಲ್ಲ.

ಕಟ್ಟು ಹಾಕುವ ಕೆಲಸ ಹೇಗೆ ನಡೆಯುತ್ತದೆ ನೋಡಿ. ಗೊಂಬೆ ತಂದ ಮನೆಯಾಕೆ ಮತ್ತು ಆಚಾರ್ರ ನಡುವಿನ ಮಾತು ಊರು ಯಾವುದಾದರೂ ಹೆಚ್ಚು ಕಡಿಮೆ ಒಂದೇ.

“ಆಚಾರ್ರೇ, ನಮ್ಮ ರಾಣಿ ಕೈ ಹೋಗಿದೆ. ಹಬ್ಬದೊಳಗೆ ಆಗತ್ತಾ?”

“ಮುರಿದ ತುಂಡು ಇದೆಯಾ ತಾಯಿ?”

“ಮಗು ಎಲ್ಲೋ ಎಸೆದುಬಿಟ್ಟಿದೆ.”

“ಹಾಗಾದ್ರೆ ಒಂದು ವಾರ ಬಿಟ್ಟು ಬನ್ನಿ. ಮರ ಹುಡುಕಬೇಕು.”

ಈ ‘ಮರ ಹುಡುಕಬೇಕು’ ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಹಳೆಯ ಜೋಡಿಗಳಲ್ಲಿ ಹೆಚ್ಚಿನವು ರಕ್ತಚಂದನ. ಒಣಗಿದ ಮೇಲೂ ನೀರಿಗೆ ಹಾಕಿದರೆ ಮುಳುಗುವಷ್ಟು ತೂಕದ ಮರ, ಗೆದ್ದಲು ಸುಲಭವಾಗಿ ಮುಟ್ಟದು. ಕಾಡಿನಲ್ಲಿ ತಾನಾಗಿ ಬೆಳೆಯುವುದು ಮುಖ್ಯವಾಗಿ ಆಂಧ್ರದ ಕಡಪ, ಚಿತ್ತೂರು, ನೆಲ್ಲೂರು ಸುತ್ತಿನ ಬೆಟ್ಟಗಳಲ್ಲಿ. ಕಳ್ಳಸಾಗಣೆಯಿಂದ ಬರಿದಾಗುತ್ತ ಬಂದ ಈ ಮರವನ್ನು 1995ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿಸಿದರು. ಸೇರಿಸಿದ್ದು ಸರಿಯೇ. ಆದರೆ ಬೆರಳುದ್ದದ ತುಂಡು ಬೇಕಾದ ಆಚಾರ್ರು ಎಲ್ಲಿಗೆ ಹೋಗಬೇಕು? ಗ್ರಂಥಿಗೆ ಅಂಗಡಿಗೆ. ಊತಕ್ಕೆ ತೇಯ್ದು ಹಚ್ಚಲು ಮಾರುವ ರಕ್ತಚಂದನದ ಕೊರಡಿನಲ್ಲಿ ಒಂದು ಕೈ, ಒಂದು ಮೂಗಿಗೆ ಆಗುವಷ್ಟು ಮರ ಧಾರಾಳವಾಗಿ ಸಿಗುತ್ತದೆ. ಇಲ್ಲವಾದರೆ ಮುಂಚೆ ಯಾರೋ ಬಿಟ್ಟುಹೋದ ಮುರುಕು ಗೊಂಬೆಯ ಪೀಠ. ಎರಡೂ ಸಿಗದಿದ್ದಾಗ ಬೀಟೆ ಅಥವಾ ಹೊನ್ನೆ. ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಕಂಡರೆ ಕಾಣಲಿ, ಮುಚ್ಚಿಡಬೇಕಾದ ವಿಷಯವೇನಲ್ಲ.

ಮುರಿದ ಜಾಗವನ್ನು ಉಳಿಯಿಂದ ಸಮ ಮಾಡಿ, ಸಣ್ಣ ಬೈರಿಗೆಯಲ್ಲಿ ತೂತು ಕೊರೆದು, ಬಿದಿರಿನ ಮೊಳೆ ಇಳಿಸುತ್ತಾರೆ. ಕಬ್ಬಿಣದ ಮೊಳೆ ಕೂಡದು. ತುಕ್ಕು ಹಿಡಿದು ಊದಿದರೆ ಮರ ಮತ್ತೆ ಸೀಳುತ್ತದೆ. ಹೊಸ ಕೈಯ ತುಂಡನ್ನು ಅದರ ನಾರು ತೋಳಿನ ಉದ್ದಕ್ಕೆ ಬರುವಂತೆ ಆರಿಸುತ್ತಾರೆ. ಹೀಗಾಗಿ ಕೂಡಿಸಿದ ಕೈ ಹುಟ್ಟಿದಾಗಿದ್ದ ಕೈಗಿಂತ ಗಟ್ಟಿ! ಇನ್ನೊಂದು ಗುಟ್ಟು: ತುಂಡನ್ನು ದಪ್ಪವಾಗಿಯೇ ಕೂಡಿಸಿ, ಅಂಟು ಒಣಗಿದ ಮೇಲೆ ಗೊಂಬೆಯ ಮೇಲೇ ಕೆತ್ತುತ್ತಾರೆ. ಇನ್ನೊಂದು ಕೈಯ ಬೆರಳುಗಳನ್ನು ನೋಡುತ್ತ, ಹಳೆಯ ಕೆತ್ತನೆಗಾರನ ಉಳಿ ಎಲ್ಲಿ ತಿರುಗಿತ್ತು ಎಂದು ಹಿಡಿಯುತ್ತ ಹೋಗಬೇಕು. ಸೀಳಿಗಾದರೆ ಅದೇ ಮರವನ್ನು ಅರದಿಂದ ಉಜ್ಜಿ ತೆಗೆದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಅಗಲವಾಗಿದ್ದರೆ ತೆಳ್ಳನೆಯ ಚಕ್ಕೆಯನ್ನೇ ಬಡಿದು ಕೂರಿಸುತ್ತಾರೆ. ಹುಣಸೆಬೀಜದ ಅಂಟು ಇದ್ದ ಕಡೆ ಈಗ ಫೆವಿಕಾಲ್ ಬಂದಿದೆ. ಉಳಿದದ್ದು ಹಾಗೇ ಇದೆ.

ಈ ಕೆಲಸದ ದೊಡ್ಡ ಶತ್ರು ಎಣ್ಣೆ ಬಣ್ಣ. ಹಳೆಯದಾಗಿ ಕಾಣುತ್ತದೆಂದು ಬಾಗಿಲಿಗೆ ಹೊಡೆದು ಮಿಕ್ಕ ಪೇಂಟನ್ನು ಗೊಂಬೆಯ ಮುಖಕ್ಕೆ ಬಳಿಯುತ್ತಾರೆ. ಕಣ್ಣಿನ ಗೀರು ತುಂಬಿಕೊಳ್ಳುತ್ತದೆ, ಜಡೆಯ ಎಳೆ ಮುಚ್ಚಿಹೋಗುತ್ತದೆ. ತೆಗೆಯುವುದು ಬಹಳ ಕಷ್ಟ. ಸ್ಪಿರಿಟ್ ಹಾಕಿ ಒರೆಸಿದರೆ ರಕ್ತಚಂದನದ ಕೆಂಪೇ ಬಟ್ಟೆಗೆ ಇಳಿದು ಬರುತ್ತದೆ. ಗಾಜಿನ ಚೂರಿನ ಅಂಚಿನಿಂದ ಕೂದಲೆಳೆಯಷ್ಟೇ ಕೆರೆಯುತ್ತ ದಿನಗಟ್ಟಲೆ ಕೂರಬೇಕು. ಒಂದು ಕೈ ಕೂಡಿಸುವುದಕ್ಕಿಂತ ಒಂದು ಮುಖದ ಪೇಂಟು ತೆಗೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಶಿಲ್ಪಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಹೆಸರುಗಳನ್ನು ಓದಬಹುದು. 1246ರ ಆ ಗುಡಿಯಲ್ಲಿ ಕಲ್ಲು ಕಡೆದವರ ಹೆಸರು ಉಳಿಯಿತು. ಅದೇ ಊರಿನ ಮನೆಗಳಲ್ಲಿ ಕೂರುವ ಮರದ ದಂಪತಿಗಳ ಪೀಠವನ್ನು ತಿರುಗಿಸಿ ನೋಡಿದರೆ ಏನೂ ಇರುವುದಿಲ್ಲ. ಕೆತ್ತಿದವನ ಹೆಸರೂ ಇಲ್ಲ, ಕೂಡಿಸಿದವನದ್ದೂ ಇಲ್ಲ. ರಿಪೇರಿ ಮಾಡಿದವರು ಪೀಠದಡಿ ಹೆಸರು, ಇಸವಿ ಗೀರಿಡುವ ಪದ್ಧತಿ ಈಗಲಾದರೂ ಶುರುವಾಗಬೇಕು.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಇಂಥ ಮರದ ಹಿರಿಯರಿದ್ದಾರೆ. ನ್ಯೂಜಿಲೆಂಡಿನ ಮಾವೊರಿ ಜನರ ಪುರಾಣದಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ಆ ಹೆಸರಿನ ಗೊಂಬೆಗಳಿಗೂ ದೊಡ್ಡ ತಲೆ, ಗಿಡ್ಡ ಕಾಲು, ಮೈಗಂಟಿದ ಕೈ. 1930ರ ದಶಕದಲ್ಲಿ ಅಮೆರಿಕದ ಪಾನಗೃಹಗಳು ಅವನ್ನು ಅಲಂಕಾರಕ್ಕೆ ಎತ್ತಿಕೊಂಡವು. ಆಮೇಲೆ ಟಿಕಿ ಮುಖದ ಲೋಟಗಳು ಲೋಕವೆಲ್ಲ ಹರಡಿದವು, ಅವುಗಳ ಹಿಂದಿನ ಪೂರ್ವಜರು ಮರೆಗೆ ಸರಿದರು. ನಮ್ಮ ರಾಜರಾಣಿಯರಿಗೂ ಇದು ಆಗಬಾರದು ಎಂಬುದು ನನ್ನ ಆಸೆ. ಬೇರೆ ಮರಕ್ಕೆ ಕೆಂಪು ಪಾಲಿಶ್ ಹೊಡೆದ ಜೋಡಿಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಹೊಸದಾಗಿ ಗೊಂಬೆ ಕೂರಿಸುವವರು ಕೊಳ್ಳಲಿ, ತಪ್ಪೇನಿಲ್ಲ. ಅಜ್ಜಿಯ ಜೋಡಿಯ ಜಾಗಕ್ಕೆ ಅವು ಬರುವುದು ಮಾತ್ರ ಸಲ್ಲ.

ಮೈಸೂರಿನಲ್ಲಿ ಈ ಎಚ್ಚರ ಸ್ವಲ್ಪ ಹುಟ್ಟಿದೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2005ರಿಂದ ‘ಬೊಂಬೆ ಮನೆ’ ಎಂಬ ವಾರ್ಷಿಕ ಪ್ರದರ್ಶನ ನಡೆಸುತ್ತ ಗೊಂಬೆ ಹಬ್ಬಕ್ಕೆ ಹೊಸ ತಲೆಮಾರಿನ ಜನರನ್ನು ಕರೆತಂದಿದ್ದಾರೆ. ನಮ್ಮ ನಾಲ್ಕು ಊರುಗಳಲ್ಲಿ ಅಂಥದ್ದೇನೂ ಬೇಕಾಗಿಲ್ಲ. ಪ್ಲೈವುಡ್ ಕಪಾಟು, ಮಾಡ್ಯುಲರ್ ಅಡುಗೆಮನೆಯ ಕೆಲಸಕ್ಕೆ ಹೊರಳಿಕೊಂಡ ಆಚಾರ್ರ ಚೀಲದಲ್ಲಿ ಅಪ್ಪನ ಕಾಲದ ಸಣ್ಣ ಉಳಿಗಳು ಇನ್ನೂ ಇವೆ. ವರ್ಷಕ್ಕೆ ನಾಲ್ಕು ಗೊಂಬೆ ಕೈಗೆ ಬಂದರೆ ಆ ಉಳಿಗಳು ಹರಿತವಾಗಿರುತ್ತವೆ, ಮಗನೂ ಪಕ್ಕದಲ್ಲಿ ಕೂತು ನೋಡುತ್ತಾನೆ. ಬಾರದಿದ್ದರೆ ತೇರಿನ ರಿಪೇರಿಗೂ ನಾಳೆ ಹೊರಗಿನವರನ್ನು ಕರೆಸಬೇಕಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಗೊಂಬೆಗೆ ಸೋಪು ನೀರು ಬೇಡ, ಒಣ ಬ್ರಷ್ಷಿನಿಂದ ಧೂಳು ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಅಟ್ಟದ ಬಿಸಿಗೆ ಇಡುವ ಬದಲು ಕೆಳಗಿನ ಬೀರುವಿನಲ್ಲಿ ಹತ್ತಿ ಬಟ್ಟೆ ಸುತ್ತಿ, ನಾಲ್ಕು ಬಜೆ ತುಂಡು ಹಾಕಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ. ಮುರಿದ ಚೂರು ಎಷ್ಟು ಸಣ್ಣದಾದರೂ ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿರಲಿ. ಮನೆಯಲ್ಲಿ ಯಾರೇ ಹೇಳಲಿ, ಪೇಂಟು ಬಳಿಯಬೇಡಿ. ಅಮಾವಾಸ್ಯೆಯ ಹಿಂದಿನ ದಿನ ಓಡಿಹೋಗಿ ಅವಸರ ಮಾಡದೆ, ಶ್ರಾವಣದಲ್ಲೇ ಟ್ರಂಕು ತೆರೆದು ನೋಡಿ, ನಿಮ್ಮೂರಿನ ಮರಗೆಲಸದವರ ಕೈಗೆ ಗೊಂಬೆ ಕೊಟ್ಟು ಬನ್ನಿ. ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.