ಹಲವರ ದಂಡಿಗೆ ಒಬ್ಬ ಸೇನಾಪತಿ

ಒಬ್ಬ ಅರಸನ ದಂಡನ್ನು ನಡಿಸುವದು ಕಠಿಣವು. ಹಲವು ಅರಸರ ದಂಡುಗಳನ್ನು ಕೂಡಿಸಿ ನಡಿಸುವದು ಅದಕ್ಕಿಂತಲೂ ಕಠಿಣವು. ೧೫೬೫ರಲ್ಲಿ ಅಹಮದನಗರ, ವಿಜಾಪುರ, ಗೋಲಕೊಂಡ, ಬೀದರಗಳ ಸುಲ್ತಾನರು ತಮ್ಮೊಳಗಿನ ಹಗೆತನವನ್ನು ಬದಿಗಿರಿಸಿ ಒಂದಾದರು. ರಕ್ಕಸತಂಗಡಿಯ ರಣದಲ್ಲಿ ಅಳಿಯ ರಾಮರಾಯನನ್ನು ಗೆದ್ದರು. ಆದರೆ ಎಲ್ಲರಿಗೂ ವೈರಿಯಾದವನು ಅಳಿದ ಮೇಲೆ ಆ ಒಕ್ಕಟ್ಟೂ ಉಳಿಯಲಿಲ್ಲ. ಅವರವರೊಳಗೆ ಮತ್ತೆ ಕಲಹಗಳು ತಲೆದೋರಿದವು. ೧೯೪೪ರಲ್ಲಿ ಐಸೆನ್‌ಹೋವರ ಸೇನಾಪತಿಗಳ ಅಧಿಕಾರದಲ್ಲಿ ಮಿತ್ರರಾಷ್ಟ್ರಗಳ ಸೈನ್ಯಗಳು ಫ್ರಾನ್ಸದ ನಾರ್ಮಂಡಿ ತೀರದಲ್ಲಿಳಿದಾಗಲೂ ಅವರನ್ನು ಒಂದುಗೂಡಿಸಿದ್ದು ಜರ್ಮನಿಯೆಂಬ ಸಮಾನ ವೈರಿಯೇ.

ಹಾಗಾದರೆ ವೈರಿಯೇ ಇಲ್ಲದ ಕೂಡುದಂಡನ್ನು ಯಾವ ಬಲದಿಂದ ನಡಿಸಬೇಕು? ಇದಕ್ಕೆ ಉತ್ತರವನ್ನು ನಮ್ಮ ಕೊಡಗಿನ ವೀರರೊಬ್ಬರು ಆಚರಣೆಯಿಂದ ಕೊಟ್ಟಿರುವರು. ೧೯೦೬ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರು ೧೯೫೭ರಿಂದ ೧೯೬೧ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅದಕ್ಕೂ ಮುಂಚೆ, ೧೯೫೩ರಲ್ಲಿ, ಕೊರಿಯಾ ಯುದ್ಧದ ಕೈದಿಗಳ ಪ್ರಶ್ನವನ್ನು ಬಿಡಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ನಿವೃತ್ತರಾದ ಮೇಲೆ, ೧೯೬೪ರಲ್ಲಿ, ಸೈಪ್ರಸ್ ದ್ವೀಪದಲ್ಲಿಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಸೇನಾಪತಿಗಳಾದರು.

ಅಲ್ಲಿ ಗ್ರೀಕರೂ ತುರ್ಕರೂ ನೆರೆಹೊರೆಯವರಾಗಿದ್ದು ಒಬ್ಬರಮೇಲೊಬ್ಬರು ಕೈಮಾಡುತ್ತಿದ್ದರು. ತಿಮ್ಮಯ್ಯನವರ ಕೈಕೆಳಗೆ ಬ್ರಿಟನ್, ಕೆನಡಾ, ಐರ್ಲಂಡ, ಸ್ವೀಡನ್, ಡೆನ್ಮಾರ್ಕ, ಫಿನ್ಲಂಡ ಮೊದಲಾದ ದೇಶಗಳ ಸೈನಿಕರಿದ್ದರು. ಒಂದೊಂದು ತುಕಡಿಯ ಬೆನ್ನಿಗೆ ಒಂದೊಂದು ಸರಕಾರ! ಆತ್ಮರಕ್ಷಣೆಗಲ್ಲದೆ ಆಯುಧವನ್ನು ಬಳಸಕೂಡದೆಂಬ ಕಟ್ಟಳೆ ಬೇರೆ. ಗೆಲ್ಲತಕ್ಕ ಕೋಟೆಯಿಲ್ಲ, ಹಿಡಿಯತಕ್ಕ ಸೀಮೆಯಿಲ್ಲ. ಇಂಥಲ್ಲಿ ಸೇನಾಪತಿಗೆ ಉಳಿಯುವ ಬಲವು ನಿಷ್ಪಕ್ಷಪಾತವೊಂದೇ. ಕೂಡಿದ ಮನೆಯ ಯಜಮಾನನ ಸ್ಥಿತಿಯೂ ಇದೇ ಅಲ್ಲವೇ? ಅಣ್ಣತಮ್ಮಂದಿರ ವಾದದಲ್ಲಿ ಹಿರಿಯನು ಒಬ್ಬನ ಕಡೆಗೆ ವಾಲಿದನೆಂಬ ಸಂಶಯವು ಹುಟ್ಟಿತೆಂದರೆ, ಅಂದಿನಿಂದ ಆ ಮನೆಯಲ್ಲಿ ಅವನ ಮಾತು ನಡೆಯದು.

೧೯೬೫ನೆಯ ಡಿಸೆಂಬರ ೧೮ರಂದು ತಿಮ್ಮಯ್ಯನವರು ಆ ಕಾರ್ಯದಲ್ಲಿರುವಾಗಲೇ ಸೈಪ್ರಸದಲ್ಲಿ ದೇಹವಿಟ್ಟರು. ಮರುವರ್ಷ ಆ ದೇಶವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಪರದೇಶದ ಸೇನಾಪತಿಗೆ ಇಂಥ ಮನ್ನಣೆಯು ಸುಲಭವಾಗಿ ದೊರೆಯತಕ್ಕದ್ದಲ್ಲ. ೧೯೭೪ರಲ್ಲಿ ದ್ವೀಪವು ಇಬ್ಭಾಗವಾಯಿತು. ವಿಶ್ವಸಂಸ್ಥೆಯ ಪಡೆಯು ಇಂದಿಗೂ ನಡುವೆ ನಿಂತು ಕಾಯುತ್ತಿರುವದು. ಕೋಟೆಯನ್ನು ಒಂದು ದಿನದಲ್ಲಿ ಗೆಲ್ಲಬಹುದು; ಶಾಂತಿಯನ್ನಾದರೋ ತಲೆಮಾರುಗಟ್ಟಲೆ ಕಾಯಬೇಕಾಗುವದು. ಹಾಗೆ ಕಾಯುತ್ತ ಪ್ರಾಣಬಿಟ್ಟ ಕನ್ನಡನಾಡಿನ ಈ ಸೇನಾಪತಿಗಳ ಹೆಸರನ್ನು ನಮ್ಮ ಮನೆಯ ಮಕ್ಕಳು ಅರಿತಿರುವದು ಯೋಗ್ಯವು.