ಮೊದಲು ಕದ್ದವರು ಯಾರು?

ತಮಿಳಿನ ದೊಡ್ಡ ನಟರ ದರೋಡೆ ಸಿನಿಮಾಗಳಲ್ಲಿ ತಿಜೋರಿ ಒಡೆಯುವ ಜಾಣತನಕ್ಕಿಂತ ಗಟ್ಟಿಯಾಗಿ ಕೇಳಿಸುವುದು ಒಂದು ಆರೋಪ: ನಾಯಕ ಕೈ ಹಾಕುವ ಮೊದಲೇ ಜನರಿಂದ ಕದ್ದವರು ಇದ್ದಾರೆ ಎಂಬುದು. ಆ ಮೊದಲ ಕಳ್ಳ ಯಾರೆಂಬುದು ಕಾಲಕಾಲಕ್ಕೆ ಬದಲಾಗಿದೆ. 1993ರಲ್ಲಿ ಶಂಕರ್ ನಿರ್ದೇಶಿಸಿದ ‘ಜಂಟಲ್‌ಮನ್’ ಚಿತ್ರದಲ್ಲಿ ನಮ್ಮ ಮಧುಗಿರಿಯ ಅರ್ಜುನ್ ಸರ್ಜಾ ಹೊರಗೆ ಹಪ್ಪಳದ ವ್ಯಾಪಾರಿ, ಒಳಗೆ ದರೋಡೆಕೋರ. ಕದ್ದ ಹಣದಲ್ಲಿ ಅವನು ಕಟ್ಟಲು ಹೊರಟಿದ್ದು ಬಡ ಮಕ್ಕಳಿಗೊಂದು ಕಾಲೇಜು, ಏಕೆಂದರೆ ಲಂಚದ ವ್ಯವಸ್ಥೆ ಮೆಡಿಕಲ್ ಸೀಟನ್ನು ಕಸಿದುಕೊಂಡಿತ್ತು. ಇದು ಬರೀ ಕಲ್ಪನೆಯಲ್ಲ. ಅದಕ್ಕೆ ಒಂದೇ ವರ್ಷ ಮೊದಲು, 1992ರಲ್ಲಿ, ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜೊಂದು ವರ್ಷಕ್ಕೆ 60,000 ರೂಪಾಯಿ ಕೇಳಿದ್ದರಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತ್ತು. ಸರ್ಕಾರಿ ಸೀಟಿಗೆ ಆಗ ಇದ್ದದ್ದು 2,000. 2011ರ ‘ಮಂಕಾತ’ದಲ್ಲಿ ಅಜಿತ್ ತಂಡ ದೋಚುವುದು ಕ್ರಿಕೆಟ್ ಬೆಟ್ಟಿಂಗ್ ಹಣ. ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಹಗರಣ ಬಯಲಾಗಿದ್ದು 2013ರಲ್ಲಿ, ಚಿತ್ರ ಬಂದು ಎರಡು ವರ್ಷಕ್ಕೆ. ಆ ಚಿತ್ರದಲ್ಲಿ ಅರ್ಜುನ್ ಬೆನ್ನಟ್ಟುವ ಪೊಲೀಸ್ ಆಗಿದ್ದರು.

2023ರ ಸಂಕ್ರಾಂತಿಗೆ ಬಂದ ‘ತುಣಿವು’ ಈ ಸಾಲಿನಲ್ಲಿ ಹೆಚ್ಚು ನೇರವಾದದ್ದು. ಎಚ್. ವಿನೋತ್ ಅವರ ಈ ಚಿತ್ರದಲ್ಲಿ ಅಜಿತ್ ಬ್ಯಾಂಕಿಗೆ ನುಗ್ಗಿ ಜನರನ್ನು ಒತ್ತೆಯಾಳಾಗಿಸುತ್ತಾನೆ. ಮೊದಲರ್ಧವೆಲ್ಲ ಗುಂಡಿನ ಸದ್ದೇ ಹೆಚ್ಚಾದರೂ, ನಿಜವಾದ ದರೋಡೆ ಕೌಂಟರಿನಾಚೆಯಿಂದ ನಡೆದಿದೆ ಎಂಬುದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ: ಗ್ರಾಹಕರನ್ನು ನಂಬಿಸಿ, ಸಣ್ಣ ಅಕ್ಷರದ ಕಾಗದಕ್ಕೆ ಸಹಿ ಹಾಕಿಸಿ, ಅವರ ಉಳಿತಾಯವನ್ನು ಮ್ಯೂಚುವಲ್ ಫಂಡಿಗೆ ತಿರುಗಿಸಲಾಗಿದೆ. ಸದ್ದಿಲ್ಲದೆ ಸಹಿಯಲ್ಲಿ ಆಗುವ ಈ ಕಳವನ್ನು ತೆರೆಗೆ ತರುವುದು ಕಷ್ಟ. ಅದನ್ನು ಜಾತ್ರೆಯಷ್ಟು ಜನ ಸೇರುವ ಸಿನಿಮಾದೊಳಗೆ ತಂದದ್ದೇ ಆ ಚಿತ್ರದ ದೊಡ್ಡ ಕೆಲಸ ಎಂದು ನಾನು ಭಾವಿಸುತ್ತೇನೆ.

ಕಥೆ ನೆಪ, ನಟನ ಮೆರೆದಾಟವೇ ಮುಖ್ಯ ಎನ್ನುವವರಿದ್ದಾರೆ. ಮೆರೆದಾಟ ಇದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಬ್ಯಾಂಕಿನ ಷರತ್ತುಗಳನ್ನು ವಿವರಿಸುವ ಉದ್ದನೆಯ ಮಾತನ್ನು ಹೊಸ ನಟನೊಬ್ಬನ ಬಾಯಲ್ಲಿ ಎಷ್ಟು ಜನ ಕುಳಿತು ಕೇಳುತ್ತಿದ್ದರು? ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇಂಥವು ಕಳ್ಳತನ ಕಲಿಸುತ್ತವೆ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕಿನ ಕಿಟಕಿಯ ಸರಳು ಕತ್ತರಿಸಿ ಕಳ್ಳರು ಸುಮಾರು 17 ಕೆ.ಜಿ. ಚಿನ್ನ ಒಯ್ದರು; ತಿಂಗಳುಗಳ ನಂತರ ಅದರಲ್ಲಿ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಲ್ಲಿ ಸಿಕ್ಕಿತು. ಸಾಲದ ಅರ್ಜಿ ತಿರಸ್ಕೃತವಾದ ಸಿಟ್ಟು ಕಾರಣ, ವೆಬ್ ಸರಣಿ ಮತ್ತು ಯೂಟ್ಯೂಬ್ ನೋಡಿ ಯೋಜನೆ ಮಾಡಿದರು ಎಂದು ಪೊಲೀಸರು ಹೇಳಿದರು. ವಿಧಾನವನ್ನು ಪರದೆ ಕಲಿಸಬಲ್ಲದು ಎಂಬುದನ್ನು ಒಪ್ಪಲೇಬೇಕು. ಆದರೆ ಆ ಚಿನ್ನ ಬ್ಯಾಂಕಿನದಲ್ಲ, ಅಡವಿಟ್ಟ ಮನೆಗಳದ್ದು. ಬ್ಯಾಂಕಿನ ಹಣ ಯಾರದ್ದೂ ಅಲ್ಲ ಎಂಬ ಭ್ರಮೆಯ ಮೇಲೆ ನಿಂತ ದರೋಡೆ ಚಿತ್ರಗಳೇ ಹೆಚ್ಚು ಅಪಾಯಕಾರಿ. ‘ತುಣಿವು’ ಮಾತ್ರ ಅದು ಯಾರ ಹಣ ಎಂದು ಕೇಳುತ್ತದೆ.

ಚಿತ್ರ ಎಡವುವುದು ಪರಿಹಾರದಲ್ಲಿ. ತೆರೆಯಲ್ಲಿ ಒಬ್ಬ ನಾಯಕ, ಒಂದು ಬಂದೂಕು, ಹಣ ವಾಪಸ್. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಸಭೆ ಸೇರಿ, ಅರ್ಜಿ ಹಾಕಿ, ವರ್ಷಗಟ್ಟಲೆ ಕಾದರು. ದೇಶದಲ್ಲಿ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ; ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆ ಹಣ ಕೊಡಬೇಕೆಂಬ ತಿದ್ದುಪಡಿ ಬಂದದ್ದು 2021ರಲ್ಲಿ. ಇದರಲ್ಲಿ ಸೀಟಿ ಹೊಡೆಯುವಂಥ ದೃಶ್ಯ ಒಂದೂ ಇಲ್ಲ, ಆದರೂ ಜನರ ಹಣಕ್ಕೆ ಕಾವಲು ಸಿಕ್ಕಿದ್ದು ಇದರಿಂದಲೇ.

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಂಥ ಊರಿಗೆ ಸಹಿಯಲ್ಲಿ ಆಗುವ ಈ ಕಳವು ದೂರದ ಸಂಗತಿಯಲ್ಲ. ಹಾಲಿನ ಬಟವಾಡೆ ಖಾತೆಗೇ ಬೀಳುತ್ತದೆ. ದೇವನಹಳ್ಳಿ–ಹೊಸಕೋಟೆ ಹೆದ್ದಾರಿಗೆ ಹೊಲ ಬಿಟ್ಟವರ ಪರಿಹಾರವೂ ಬ್ಯಾಂಕಿನ ಮೂಲಕವೇ ಬರುವುದು. ದೊಡ್ಡ ಮೊತ್ತ ಖಾತೆಗೆ ಬಿದ್ದ ಕೂಡಲೇ ‘ಒಳ್ಳೇ ಸ್ಕೀಮಿದೆ’ ಎಂದು ಫಾರಂ ಮುಂದಿಡುವವರು ಬರುತ್ತಾರೆ. ಅಲ್ಲಿ ಮೊದಲು ಕೇಳಬೇಕಾದದ್ದು ಇದು ಠೇವಣಿಯೋ, ಮ್ಯೂಚುವಲ್ ಫಂಡೋ, ವಿಮೆ ಪಾಲಿಸಿಯೋ ಎಂದು. ಐದು ಲಕ್ಷದ ರಕ್ಷಣೆ ಇರುವುದು ಠೇವಣಿಗೆ ಮಾತ್ರ. ಅದೇ ಬ್ಯಾಂಕಿನ ಅದೇ ಮೇಜಿನ ಮೇಲೆ ಸಹಿ ಹಾಕಿದರೂ ಮ್ಯೂಚುವಲ್ ಫಂಡಿಗೆ ಅದು ಅನ್ವಯಿಸುವುದಿಲ್ಲ.